ಕೇಳುವವರಿಗೆ ಏನು ಹೇಳೋಣ? – ನಮ್ಮ ವಿಶ್ವಾಸಕ್ಕೆ ದೇವರ ವಾಕ್ಯವೇ ಬುನಾದಿ



ಸಿರುಗುಪ್ಪದ ಕಡೆಯ ಒಬ್ಬ ತಾಯಿಯ ಸಂಗತಿಯಿಂದ ಈ ವಾರದ ಪಾಠವನ್ನು ಆರಂಭಿಸುತ್ತೇನೆ. ಇದರಲ್ಲಿ ತಪ್ಪು ನನ್ನದೇ ಆದ್ದರಿಂದ ಹೇಳಲು ಸಂಕೋಚವಿದೆ. ಆದರೂ ಹೇಳಿದರೆ ನಿಮಗೂ ನನಗೂ ಒಳಿತು.

ಆ ತಾಯಿಯ ಯಜಮಾನರು ಭತ್ತದ ಗದ್ದೆಗಳಲ್ಲಿ ದುಡಿದು ಸಂಸಾರ ನಡೆಸಿದವರು. ವಯಸ್ಸಾಗುವ ಮೊದಲೇ ತೀರಿಕೊಂಡರು. ಮಣ್ಣು ಮಾಡಿದ್ದಾಯಿತು, ತಿಂಗಳ ಪೂಜೆಯೂ ಆಯಿತು. ಆ ಬಳಿಕ ನಾನು ಅವರ ಮನೆಯ ಕಡೆ ಹೋಗಲಿಲ್ಲ. ಆದರೆ ಬೇರೊಂದು ಪ್ರಾರ್ಥನಾ ಪಂಗಡದ ಸೋದರರು ವಾರಕ್ಕೆರಡು ಸಲ ಹೋಗಿ, ಆಕೆಯ ಪಕ್ಕ ಕುಳಿತು, ಕಣ್ಣೀರು ಒರೆಸಿ, ಕೈಗೊಂದು ಬೈಬಲ್ ಕೊಟ್ಟು ಬಂದರು. ಇದನ್ನು ನಾನು ಮೆಚ್ಚಲೇಬೇಕು. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಆ ತಾಯಿ ನನ್ನನ್ನು ತಡೆದು ಕೇಳಿದರು: "ಫಾದರ್, ಸತ್ತವರಿಗೆ ಪೂಜಿ ಇಡಿಸಿದ್ರ ಏನೂ ಮುಟ್ಟಂಗಿಲ್ಲಂತ್ರಿ. ಬೈಬಲ್‌ನಾಗ ಅದು ಇಲ್ಲಂತ. ಹೌದೇನ್ರಿ?"

ಮುಂದಿನ ಊರಿನಲ್ಲಿ ಇನ್ನೊಂದು ಪೂಜೆ ಇತ್ತು. ಬೈಕಿನ ಮೇಲೆ ಕುಳಿತೇ ಉತ್ತರ ಕೊಟ್ಟೆ: "ಅವರ ಮಾತು ಕೇಳಬೇಡಿರಮ್ಮ. ಇನ್ನೊಮ್ಮೆ ಬಂದರೆ ಬಾಗಿಲು ಹಾಕಿಕೊಳ್ಳಿ."

ಆಮೇಲೆ ಎರಡು ತಿಂಗಳು ಆ ತಾಯಿ ದೇವಾಲಯಕ್ಕೆ ಬರಲಿಲ್ಲ. ಅವರ ಮಗನಂತೂ ಇಂದಿಗೂ ಬರುವುದಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಎರಡನ್ನೂ ಓದಿದವನು ನಾನು. ಆಕೆಯ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಆಕೆ ಕೇಳಿದ್ದು ವಾದವನ್ನಲ್ಲ. ತನ್ನ ಗಂಡನ ಮೇಲೆ ದೇವರ ಕರುಣೆ ಇದೆಯೇ ಎಂದು ದೇವರ ವಾಕ್ಯದಿಂದಲೇ ಕೇಳಿ ತಿಳಿಯಲು ಬಯಸಿದ್ದರು. ನಾನು ವಾಕ್ಯವನ್ನು ತೆರೆಯುವ ಬದಲು ಬಾಗಿಲು ಮುಚ್ಚಲು ಹೇಳಿದೆ.

ಪೇತ್ರರು ಯಾರಿಗೆ ಬರೆದರು?

ಸಂತ ಪೇತ್ರರ ಮೊದಲನೆಯ ಪತ್ರದಲ್ಲಿ (3:15–16) ಒಂದು ಸಲಹೆಯಿದೆ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಯಾರು ಕೇಳಿದರೂ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಬೇಕು. ಆ ಉತ್ತರದಲ್ಲಿ ವಿನಯವೂ ಗೌರವವೂ ಶುದ್ಧ ಮನಸ್ಸಾಕ್ಷಿಯೂ ಇರಬೇಕು ಎನ್ನುತ್ತಾರೆ ಪ್ರೇಷಿತರು. ನಾವು ಸಾಮಾನ್ಯವಾಗಿ ಇದು ಗುರುಗಳಿಗೂ ಉಪದೇಶಿಗಳಿಗೂ ಹೇಳಿದ ಮಾತು ಎಂದುಕೊಳ್ಳುತ್ತೇವೆ. ಪತ್ರವನ್ನು ಮೊದಲಿನಿಂದ ಓದಿ ನೋಡಿ. ಇದರ ಓದುಗರು ಬೇರೆ ಬೇರೆ ಪ್ರಾಂತ್ಯಗಳಲ್ಲಿ ಚದುರಿ, ಅನ್ಯಧರ್ಮದವರ ನಡುವೆ ಅಲ್ಪಸಂಖ್ಯಾತರಾಗಿ ಬಾಳುತ್ತಿದ್ದ ಕ್ರೈಸ್ತರು (1:1). ಅವರಲ್ಲಿ ಯಜಮಾನನ ಮನೆಯಲ್ಲಿ ದುಡಿಯುವ ಆಳುಗಳಿದ್ದರು (2:18). ವಿಶ್ವಾಸವನ್ನು ಸ್ವೀಕರಿಸದ ಗಂಡಂದಿರೊಡನೆ ಸಂಸಾರ ಮಾಡುವ ಹೆಂಗಸರಿದ್ದರು (3:1).

ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಕೂತ ನಮ್ಮ ಹುಡುಗಿ, ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ನಮ್ಮ ಅಣ್ಣ, ಕುರುಗೋಡಿನಲ್ಲಿ ಬಾಡಿಗೆ ಮನೆ ಮಾಡಿರುವ ನಮ್ಮ ಮೇಷ್ಟ್ರು, ಇವರೆಲ್ಲ ಅಂಥವರೇ. ಪ್ರಶ್ನೆ ಎದುರಾಗುವುದು ಇವರಿಗೆ, ಅದೂ ಊಟದ ಹೊತ್ತಿನಲ್ಲೋ ಬಸ್ಸಿನಲ್ಲೋ ನಲ್ಲಿಯ ಹತ್ತಿರವೋ. ಆಗ ಪಕ್ಕದಲ್ಲಿ ಗುರುಗಳು ಇರುವುದಿಲ್ಲ. ಆದ್ದರಿಂದ ಉತ್ತರ ನಿಮ್ಮಲ್ಲೇ ಇರಬೇಕು.

ಬಳ್ಳಾರಿಗೂ ಬೈಬಲ್ಲಿಗೂ ಇರುವ ನಂಟು

ನಮ್ಮ ಊರಿಗೆ ಈ ವಿಷಯದಲ್ಲಿ ಒಂದು ವಿಶೇಷ ಹೊಣೆಯಿದೆ. ಕನ್ನಡ ಬೈಬಲ್ಲಿನ ಚರಿತ್ರೆ ಬಳ್ಳಾರಿಯೊಂದಿಗೆ ಬೆಸೆದುಕೊಂಡಿದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿಯ ಜನರಿಂದ ಕನ್ನಡ ಕಲಿತು, ಪವಿತ್ರ ಗ್ರಂಥವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅವರ ಜೊತೆಗಾರ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಕಿಟೆಲ್ ಅವರ ಹೆಸರಾಂತ ನಿಘಂಟು ಬಂದದ್ದು 1894ರಲ್ಲಿ, ಅಂದರೆ ಅರವತ್ತು ವರ್ಷಗಳ ನಂತರ.

ಹ್ಯಾಂಡ್ಸ್ ಅವರು ಕಥೋಲಿಕರಲ್ಲ, ಪ್ರೊಟೆಸ್ಟೆಂಟರು. ಆದರೂ ದೇವರ ವಾಕ್ಯ ಕನ್ನಡದ ನಾಲಿಗೆಯ ಮೇಲೆ ಬರಲು ಅವರು ಪಟ್ಟ ಶ್ರಮಕ್ಕೆ ನಾವು ಕೃತಜ್ಞರಾಗಿರಬೇಕು. ಅದೇ ಕಾಲದ ನಮ್ಮ ಹಿರಿಯರ ಮನೆಗಳಲ್ಲಿ ಜಪಸರವಿತ್ತು, ಭಕ್ತಿಯಿತ್ತು, ಪ್ರಾಣ ಹೋದರೂ ಬಿಡದ ವಿಶ್ವಾಸವಿತ್ತು. ಬೈಬಲ್ ಮಾತ್ರ ತಡವಾಗಿ ಬಂತು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ದೈವ ಪ್ರಕಟನೆಯನ್ನು ಕುರಿತ ಸಂವಿಧಾನವನ್ನು ಪ್ರಕಟಿಸಿ, ಪವಿತ್ರ ಗ್ರಂಥದ ಬಾಗಿಲು ಎಲ್ಲ ವಿಶ್ವಾಸಿಗಳಿಗೂ ವಿಶಾಲವಾಗಿ ತೆರೆದಿರಬೇಕೆಂದು ಬೋಧಿಸಿತು. 2019ರಲ್ಲಿ ಪೋಪ್ ಫ್ರಾನ್ಸಿಸರು ಸಾಧಾರಣ ಕಾಲದ 3ನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು. ಇಷ್ಟಾದರೂ ನಮ್ಮ ಎಷ್ಟು ಮನೆಗಳಲ್ಲಿ ಬೈಬಲ್ ಅಲ್ಮಾರಿನಲ್ಲಿ, ಪ್ಲಾಸ್ಟಿಕ್ ಹೊದಿಕೆಯೊಳಗೆ, ಮದುವೆಯ ದಿನ ಕೊಟ್ಟ ಹಾಗೆಯೇ ಇದೆ? ಪವಿತ್ರ ಗ್ರಂಥವನ್ನು ಅರಿಯದವರು ಕ್ರಿಸ್ತರನ್ನೇ ಅರಿಯದವರು ಎಂಬುದು 420ರಲ್ಲಿ ತೀರಿಕೊಂಡ ಸಂತ ಜೆರೋಮರ ಎಚ್ಚರಿಕೆ. ಅದು ಇಂದಿಗೂ ಹಳೆಯದಾಗಿಲ್ಲ.

ವಚನ ಹೇಳುವುದು ಬೇರೆ, ವಾಕ್ಯದಲ್ಲಿ ನೆಲೆಸುವುದು ಬೇರೆ

ಹಾಗಾದರೆ ಹತ್ತಿಪ್ಪತ್ತು ವಚನಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕೇ? ಸಾಲದು. ಮತ್ತಾಯನ ಶುಭಸಂದೇಶದ 4ನೆಯ ಅಧ್ಯಾಯವನ್ನು ತೆರೆಯಿರಿ. ಅಡವಿಯಲ್ಲಿ ಯೇಸುಸ್ವಾಮಿಯನ್ನು ಶೋಧಿಸಿದ ಸೈತಾನನೂ ಪವಿತ್ರ ಗ್ರಂಥದ ಮಾತನ್ನೇ ಆಡಿದ. ದೇವಾಲಯದ ಗೋಪುರದಿಂದ ಧುಮುಕೆಂದು ಹೇಳುವಾಗ ಅವನು ಎತ್ತಿದ್ದು 91ನೆಯ ಕೀರ್ತನೆಯನ್ನು. ಯೇಸುಸ್ವಾಮಿ ಆ ಕೀರ್ತನೆ ಸುಳ್ಳೆಂದು ಹೇಳಲಿಲ್ಲ. ಧರ್ಮೋಪದೇಶಕಾಂಡದ ಇನ್ನೊಂದು ಮಾತನ್ನು ಅದರ ಪಕ್ಕದಲ್ಲಿ ಇಟ್ಟರು. ಒಂದು ವಚನವನ್ನು ಕಿತ್ತು ಎತ್ತಿ ಹಿಡಿದರೆ ಅದು ಸೈತಾನನ ಕೈಯಲ್ಲೂ ಆಯುಧವಾಗಬಲ್ಲದು. ಆದ್ದರಿಂದ ಮೂರು ನಿಯಮಗಳನ್ನು ನೆನಪಿಡೋಣ.

ಮೊದಲನೆಯದು, ಹಿಂದು ಮುಂದು ಓದಬೇಕು. ಯಾರಾದರೂ ಒಂದು ವಚನ ತೋರಿಸಿದರೆ ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನಗಳನ್ನು ಓದಿ ನಂತರ ಮಾತಾಡಿ.

ಎರಡನೆಯದು, ಕ್ರಿಸ್ತರನ್ನು ಕೇಂದ್ರವಾಗಿಟ್ಟು ಓದಬೇಕು. ಎಮ್ಮಾವಿನ ದಾರಿಯಲ್ಲಿ ಪುನರುತ್ಥಾನರಾದ ಯೇಸು ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳವರೆಗೆ ತಮ್ಮ ವಿಷಯವಾಗಿ ಬರೆದಿರುವುದನ್ನು ವಿವರಿಸಿದರು (ಲೂಕ 24:27).

ಮೂರನೆಯದು, ಧರ್ಮಸಭೆಯೊಂದಿಗೆ ಓದಬೇಕು. ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಇಥಿಯೋಪಿಯದ ಅಧಿಕಾರಿಗೆ ಅರ್ಥ ಹೇಳಲು ಫಿಲಿಪ್ಪ ಬೇಕಾದ (ಪ್ರೇಷಿತರ ಕಾರ್ಯಕಲಾಪಗಳು 8:26–40). ಬೈಬಲ್ಲಿನ ಯಾವ ಪ್ರವಾದನೆಯೂ ಒಬ್ಬೊಬ್ಬರ ಸ್ವಂತ ವ್ಯಾಖ್ಯಾನಕ್ಕೆ ಬಿಟ್ಟದ್ದಲ್ಲವೆಂದು ಪೇತ್ರರ ಎರಡನೆಯ ಪತ್ರವೂ ನೆನಪಿಸುತ್ತದೆ (1:20).

ಈ ಮೂರು ನಿಯಮಗಳನ್ನು ಹಿಡಿದು ನಮ್ಮ ಮೂರು ಊರುಗಳ ಮೂರು ಪ್ರಶ್ನೆಗಳನ್ನು ನೋಡೋಣ.

ಸಿರುಗುಪ್ಪ: ಬಾಗಿಲು ತಟ್ಟುವ ಸೋದರರು

ಆ ತಾಯಿಯ ಪ್ರಶ್ನೆಯಿಂದಲೇ ಆರಂಭಿಸೋಣ. ಸತ್ತವರಿಗಾಗಿ ಪ್ರಾರ್ಥಿಸುವುದು ಬೈಬಲ್‌ನಲ್ಲಿ ಇದೆಯೇ? ಇದೆ. ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು (38–46) ಓದಿ. ಯುದ್ಧದಲ್ಲಿ ಮಡಿದ ಯೋಧರು ವಿಗ್ರಹಗಳ ತಾಯಿತಗಳನ್ನು ಬಟ್ಟೆಯೊಳಗೆ ಅಡಗಿಸಿಕೊಂಡಿದ್ದು ಪತ್ತೆಯಾದಾಗ, ನಾಯಕನಾದ ಯೂದನು ಅವರನ್ನು ಶಪಿಸಿ ಬಿಟ್ಟುಬಿಡಲಿಲ್ಲ. ಸುಮಾರು 2000 ದ್ರಾಖ್ಮ ಬೆಳ್ಳಿಯನ್ನು ಕೂಡಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ. ಸತ್ತವರು ಎದ್ದುಬರುವರೆಂಬ ನಿರೀಕ್ಷೆ ಅವನಿಗೆ ಇದ್ದುದರಿಂದಲೇ ಹೀಗೆ ಮಾಡಿದನೆಂದು ಗ್ರಂಥ ಹೇಳುತ್ತದೆ. ನಮ್ಮ ತಿಂಗಳ ಪೂಜೆಗೂ ನವೆಂಬರ್ 2ರ ಸಕಲ ಮೃತರ ಸ್ಮರಣೆಗೂ ಆಧಾರ ಇದೇ ನಿರೀಕ್ಷೆ.

ಹಾಗಿದ್ದರೆ ಆ ಸೋದರರು ಸುಳ್ಳು ಹೇಳಿದರೇ? ಇಲ್ಲ. ಅವರು ಕೊಟ್ಟ ಬೈಬಲ್‌ನಲ್ಲಿ ಆ ಗ್ರಂಥವೇ ಇರಲಿಲ್ಲ. ನಮ್ಮ ಬೈಬಲ್‌ನಲ್ಲಿ 73 ಗ್ರಂಥಗಳು, ಅವರದರಲ್ಲಿ 66. ಯೇಸುಸ್ವಾಮಿಯ ಕಾಲಕ್ಕೆ ಮೊದಲೇ ಯೆಹೂದ್ಯರು ತಮ್ಮ ಶಾಸ್ತ್ರಗಳನ್ನು ಗ್ರೀಕ್ ಭಾಷೆಗೆ ತಂದುಕೊಂಡಿದ್ದರು. ಆದಿ ಕ್ರೈಸ್ತರು ಹೆಚ್ಚಾಗಿ ಬಳಸಿದ್ದು ಆ ಗ್ರೀಕ್ ಗ್ರಂಥಗಳನ್ನು. ತೊಬಿತ, ಯೂದಿತ್, ಜ್ಞಾನಗ್ರಂಥ, ಸಿರಾಖ, ಬಾರೂಖ, ಮಕ್ಕಬಿಯರ ಎರಡು ಗ್ರಂಥಗಳು, ಹೀಗೆ ಏಳು ಗ್ರಂಥಗಳು ನಮಗೆ ಬಂದದ್ದು ಅಲ್ಲಿಂದ. 16ನೆಯ ಶತಮಾನದ ಸುಧಾರಕರು ಹೀಬ್ರೂ ಭಾಷೆಯ ಪಟ್ಟಿಯನ್ನು ಮಾತ್ರ ಒಪ್ಪಿದರು. ನಮ್ಮ ಧರ್ಮಸಭೆ 1546ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಇಡೀ ಪಟ್ಟಿಯನ್ನು ಮತ್ತೊಮ್ಮೆ ದೃಢಪಡಿಸಿತು. 1826ರಲ್ಲಿ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿಯು ಈ ಗ್ರಂಥಗಳನ್ನು ಸೇರಿಸಿ ಅಚ್ಚು ಹಾಕುವ ಬೈಬಲ್‌ಗಳಿಗೆ ಹಣ ಕೊಡುವುದಿಲ್ಲವೆಂದು ತೀರ್ಮಾನಿಸಿತು. ಇಷ್ಟನ್ನು ಶಾಂತವಾಗಿ ಹೇಳಲು ಹತ್ತು ನಿಮಿಷ ಸಾಕಾಗಿತ್ತು. ನಾನು ಕೊಡಲಿಲ್ಲ.

ಇನ್ನೊಂದು ಪ್ರಶ್ನೆ ಸ್ವರೂಪಗಳದ್ದು. ವಿಮೋಚನಾಕಾಂಡ 20:4ರಲ್ಲಿ ವಿಗ್ರಹ ಮಾಡಬಾರದೆಂದು ಇದೆಯಲ್ಲ, ನೀವೇಕೆ ದೇವಾಲಯದಲ್ಲಿ ಸ್ವರೂಪಗಳನ್ನು ಇಡುತ್ತೀರಿ? ಮೊದಲನೆಯ ನಿಯಮದಂತೆ ಮುಂದೆ ಓದಿ. ಅದೇ ಗ್ರಂಥದ 25:18–20ರಲ್ಲಿ ದೇವರೇ ಮಂಜೂಷದ ಮೇಲೆ ಎರಡು ಕೆರೂಬಿಗಳನ್ನು ಬಂಗಾರದಲ್ಲಿ ಮಾಡಿಸುತ್ತಾರೆ. ಸಂಖ್ಯಾಕಾಂಡ 21ರಲ್ಲಿ ಕಂಚಿನ ಸರ್ಪವನ್ನು ಮಾಡಿಸುತ್ತಾರೆ. ಅಂದರೆ ನಿಷೇಧವಿರುವುದು ಆಕೃತಿಯನ್ನು ದೇವರೆಂದು ಆರಾಧಿಸುವುದಕ್ಕೆ. ಕ್ರಿ.ಶ. 787ರಲ್ಲಿ ಎರಡನೆಯ ನಿಸೇಯ ಮಹಾಸಭೆ ಈ ವ್ಯತ್ಯಾಸವನ್ನೇ ಸ್ಪಷ್ಟಪಡಿಸಿತು: ಆರಾಧನೆ ದೇವರಿಗೆ ಮಾತ್ರ, ಸ್ವರೂಪಗಳಿಗೆ ಸಲ್ಲುವುದು ಗೌರವ.

ಆದರೆ ಇಲ್ಲಿಗೇ ನಿಲ್ಲಬೇಡಿ. ಅರಸುಗಳ ಎರಡನೆಯ ಗ್ರಂಥ 18:4ನ್ನೂ ಓದಿ. ಜನರು ಅದೇ ಕಂಚಿನ ಸರ್ಪಕ್ಕೆ ಧೂಪ ಹಾಕತೊಡಗಿದಾಗ ಅರಸನಾದ ಹಿಜ್ಕೀಯನು ಅದನ್ನು ಪುಡಿಪುಡಿ ಮಾಡಿಸಿದ. ಈ ವಚನ ನಮಗೆ. ಮಾತೆಯ ಸ್ವರೂಪಕ್ಕೆ ಸೀರೆ ಉಡಿಸಿ, ಹರಕೆ ಕಟ್ಟಿ, ಪರಮಪ್ರಸಾದದ ಕಡೆ ತಿರುಗಿಯೂ ನೋಡದೆ ಮನೆಗೆ ಹೋಗುವವರು ನಮ್ಮಲ್ಲಿ ಇಲ್ಲವೇ? ಪ್ರಶ್ನೆ ಕೇಳುವ ಸೋದರನಲ್ಲಿ ಕೆಲವೊಮ್ಮೆ ದೇವರೇ ನಮ್ಮನ್ನು ತಿದ್ದುತ್ತಿರಬಹುದು.

ಮರಿಯಮ್ಮನವರ ವಿಷಯವೂ ಹೀಗೆಯೇ. ಕ್ರಿಸ್ತರೊಬ್ಬರೇ ಮಧ್ಯಸ್ಥರು (1 ತಿಮೊಥೇಯ 2:5). ಇದನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ. ಅದೇ ಅಧ್ಯಾಯದ ಮೊದಲನೆಯ ವಚನದಲ್ಲಿ ಎಲ್ಲರಿಗಾಗಿ ಬಿನ್ನಹ ಮಾಡಬೇಕೆಂದು ಪೌಲರು ಕೇಳುತ್ತಾರೆ. ಮಾತೆಯವರು ಮಾಡುವುದೂ ಈ ಬಿನ್ನಹವನ್ನೇ. ಕಾನಾದಲ್ಲಿ ಅವರು ಸೇವಕರನ್ನು ಕಳುಹಿಸಿದ್ದು ಮಗನ ಮಾತಿನ ಕಡೆಗೆ (ಯೊವಾನ್ನ 2:5). ಎಲ್ಲ ತಲೆಮಾರುಗಳೂ ತಮ್ಮನ್ನು ಧನ್ಯಳೆಂದು ಕರೆಯುವವೆಂದು ಅವರೇ ಹಾಡಿದ್ದು ಲೂಕನ ಶುಭಸಂದೇಶದಲ್ಲಿದೆ (1:48). ನಮ್ಮ ಜಪಸರ ಆ ಮಾತಿನ ನೆರವೇರಿಕೆ.

ಒಂದು ಎಚ್ಚರಿಕೆ. ಬಾಗಿಲಿಗೆ ಬರುವ ಎಲ್ಲರೂ ಒಂದೇ ಪಂಗಡದವರಲ್ಲ. ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಪಡೆದವರನ್ನು ಕ್ರಿಸ್ತರಲ್ಲಿ ಸೋದರರೆಂದು ಕರೆಯಬೇಕೆಂದು ವ್ಯಾಟಿಕನ್ ಮಹಾಸಭೆ 1964ರಲ್ಲೇ ಬೋಧಿಸಿತು. ಯೆಹೋವನ ಸಾಕ್ಷಿಗಳಂಥವರು ತ್ರೈಯೇಕ ದೇವರನ್ನೇ ಒಪ್ಪುವುದಿಲ್ಲ. ಅಲ್ಲಿಯ ಭಿನ್ನತೆ ಬಹಳ ಆಳವಾದುದು. ಆದರೂ ಬಿಸಿಲಿನಲ್ಲಿ ಬಂದವರಿಗೆ ಒಂದು ಲೋಟ ನೀರು ಕೊಡಲು ಯಾವ ಭಿನ್ನತೆಯೂ ಅಡ್ಡ ಬರಬಾರದು.

ಬಳ್ಳಾರಿ: ಮುಸ್ಲಿಂ ಗೆಳತಿಯ ಪ್ರಶ್ನೆ

ಎರಡನೆಯ ಪ್ರಶ್ನೆ ಬಳ್ಳಾರಿ ನಗರದ್ದು. ಹೊಲಿಗೆ ಕೆಲಸಕ್ಕೆ ಹೋಗುವ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗಿಯನ್ನು ಪಕ್ಕದ ಯಂತ್ರದ ಮುಸ್ಲಿಂ ಗೆಳತಿ ಕೇಳಿದಳಂತೆ: "ಅಲ್ಲಾಹನಿಗೆ ಹೆಂಡತಿಯೇ ಇಲ್ಲ, ಮಗ ಹೇಗೆ?" ನಮ್ಮ ಹುಡುಗಿ ನಕ್ಕು ಸುಮ್ಮನಾದಳು. ಮನೆಗೆ ಬಂದ ಮೇಲೆ ಮನಸ್ಸಿಗೆ ನೋವಾಯಿತು. "ಫಾದರ್, ನನಗೆ ಗೊತ್ತಿಲ್ಲದ್ದಕ್ಕೆ ನಕ್ಕೆ" ಎಂದಳು. ಅವಳ ಪ್ರಾಮಾಣಿಕತೆ ನನಗೆ ಹಿಡಿಸಿತು.

ಮುಸ್ಲಿಂ ಸೋದರರು ಯೇಸುವನ್ನು ಈಸಾ ಎಂದು ಕರೆದು ಪ್ರವಾದಿಯೆಂದು ಗೌರವಿಸುತ್ತಾರೆ. ಖುರಾನಿನ 19ನೆಯ ಅಧ್ಯಾಯಕ್ಕೆ ಮರ್ಯಮ್ ಎಂದೇ ಹೆಸರು. 1965ರ ಅಕ್ಟೋಬರ್ 28ರಂದು ಅನ್ಯಧರ್ಮಗಳ ಕುರಿತು ಮಹಾಸಭೆ ಹೊರಡಿಸಿದ ಘೋಷಣೆ ಇದನ್ನು ಸಂತೋಷದಿಂದ ಗುರುತಿಸಿದೆ. ಆದರೆ ದೇವರಿಗೆ ಮಗನಿಲ್ಲವೆಂದೂ ಯೇಸು ಶಿಲುಬೆಯ ಮೇಲೆ ಸಾಯಲಿಲ್ಲವೆಂದೂ ಅವರು ನಂಬುತ್ತಾರೆ. ಇದನ್ನು ನಾವು ಮರೆಮಾಚಬಾರದು.

ಉತ್ತರವನ್ನು ಎಲ್ಲಿಂದ ಆರಂಭಿಸುವುದು? ನಾವಿಬ್ಬರೂ ಒಪ್ಪುವ ಜಾಗದಿಂದ. ದೇವರು ಒಬ್ಬರೇ, ಅದೇ ಎಲ್ಲಕ್ಕೂ ಮೊದಲ ಆಜ್ಞೆಯೆಂದು ಯೇಸುವೇ ಉತ್ತರಿಸಿದರು (ಮಾರ್ಕ 12:29). ದೇವರಿಗೆ ಹೆಂಡತಿಯಿಂದ ಮಗ ಹುಟ್ಟಿದನೆಂದು ಯಾರಾದರೂ ಹೇಳಿದರೆ ಅದನ್ನು ನಾವೂ ನಿರಾಕರಿಸುತ್ತೇವೆ. ಆಮೇಲೆ ಯೊವಾನ್ನನ ಮೊದಲನೆಯ ಅಧ್ಯಾಯವನ್ನು ತೆರೆಯಬೇಕು. ದೇವರ ದಿವ್ಯವಾಣಿ ಆದಿಯಿಂದಲೂ ದೇವರೊಡನೆ ಇತ್ತು, ದೇವರೇ ಆಗಿತ್ತು. ಅದೇ ದಿವ್ಯವಾಣಿ ಮನುಷ್ಯರಾಗಿ ನಮ್ಮ ನಡುವೆ ವಾಸಿಸಿತು ಎಂದು ಅಲ್ಲಿದೆ. ನನ್ನ ಮನಸ್ಸಿನ ಮಾತು ನನ್ನಿಂದ ಹೊರಟರೂ ನನ್ನಿಂದ ಬೇರೆಯಾಗುವುದಿಲ್ಲ. ದೇವರ ವಾಣಿಯೂ ದೇವರಿಂದ ಬೇರೆಯಲ್ಲ. ಮಗನೆಂಬ ಮಾತು ಈ ಗುಟ್ಟನ್ನು ಹೇಳುತ್ತದೆ. ಹೋಲಿಕೆ ಪೂರ್ಣವಲ್ಲ, ದೇವರ ವಿಷಯದಲ್ಲಿ ಯಾವ ಹೋಲಿಕೆಯೂ ಪೂರ್ಣವಲ್ಲ. ಆದರೆ ದಾರಿ ತೋರಿಸುತ್ತದೆ.

ಶಿಲುಬೆಯ ವಿಷಯ ಬಂದಾಗ ವಾದಕ್ಕಿಂತ ಸಾಕ್ಷ್ಯ ಮೇಲು. ಯೇಸು ಸತ್ತು, ಸಮಾಧಿಯಾಗಿ, ಮೂರನೆಯ ದಿನ ಎದ್ದು, ಪೇತ್ರನಿಗೂ ಹನ್ನೆರಡು ಮಂದಿಗೂ ಕಾಣಿಸಿಕೊಂಡರೆಂಬುದು ತಾವು ಪಡೆದು ಒಪ್ಪಿಸಿದ ಸಂದೇಶವೆಂದು ಪೌಲರು ಬರೆದರು (1 ಕೊರಿಂಥ 15:3–5). ನಾವೂ ಹಾಗೆಯೇ ಹೇಳೋಣ: ನನಗೆ ಬಂದದ್ದು ಇದು, ನಾನು ಬದುಕುವುದು ಇದರಿಂದ. ಒಪ್ಪುವುದು ಬಿಡುವುದು ಅವರ ಮನಸ್ಸಾಕ್ಷಿಗೆ ಸೇರಿದ್ದು.

ಕುರುಗೋಡು: ಜಾತ್ರೆಯ ಊಟ

ಮೂರನೆಯ ಪ್ರಶ್ನೆ ಕುರುಗೋಡಿನಿಂದ. ದೊಡ್ಡಬಸವೇಶ್ವರನ ಜಾತ್ರೆಯೆಂದರೆ ಆ ಊರಿಗೇ ಹಬ್ಬ. ಓಣಿಯ ಪ್ರತಿ ಮನೆಯಲ್ಲೂ ನೆಂಟರು, ಹೋಳಿಗೆ. ಪಕ್ಕದ ಮನೆಯ ಅಕ್ಕ ತಟ್ಟೆಗೆ ಬಟ್ಟೆ ಮುಚ್ಚಿ ತಂದು ಕೊಡುತ್ತಾಳೆ. ತೆಗೆದುಕೊಳ್ಳಬಹುದೇ?

ಇದೇ ಪ್ರಶ್ನೆ ಕೊರಿಂಥದ ಕ್ರೈಸ್ತರಿಗೂ ಇತ್ತು. ಪೌಲರು ಅದಕ್ಕೆ ಮೂರು ಅಧ್ಯಾಯಗಳನ್ನು ಕೊಟ್ಟಿದ್ದಾರೆ (1 ಕೊರಿಂಥ 8ರಿಂದ 10). ಅದರ ಸಾರ ಹೀಗಿದೆ. ಅನ್ಯಧರ್ಮದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆ ಮಾಡದೆ ಉಣ್ಣಿ. ಆದರೆ ಇದು ದೇವತೆಗೆ ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ಅವರ ಮನಸ್ಸಾಕ್ಷಿಯ ಸಲುವಾಗಿ ಬಿಡಿ. ಕರ್ತರ ಪಾತ್ರೆಯಿಂದ ಕುಡಿದು, ಮತ್ತೊಂದು ಆರಾಧನೆಯಲ್ಲೂ ಪಾಲುಗೊಳ್ಳಬೇಡಿ. ನಿಮ್ಮ ಸ್ವಾತಂತ್ರ್ಯ ದುರ್ಬಲ ಸೋದರನನ್ನು ಎಡವಿಸದಿರಲಿ.

ಹೀಗಾಗಿ ಪ್ರೀತಿಯಿಂದ ತಂದ ಹಬ್ಬದೂಟವನ್ನು ಪ್ರೀತಿಯಿಂದ ಸ್ವೀಕರಿಸಿ. ಕ್ರಿಸ್ಮಸ್ಸಿಗೆ ನಿಮ್ಮ ಮನೆಯ ತಟ್ಟೆಯೂ ಅವರ ಮನೆಗೆ ಹೋಗಲಿ. ಪೂಜೆಯಲ್ಲಿ ಪಾಲುಗೊಳ್ಳಲು ಕರೆದಾಗ ಅಥವಾ ಇದು ಪ್ರಸಾದವೆಂದು ಹೇಳಿ ಕೊಟ್ಟಾಗ, ಮುಖ ಗಂಟಿಕ್ಕದೆ, "ಅಕ್ಕಾ, ನಿಮ್ಮ ಭಕ್ತಿಗೆ ನನ್ನ ಗೌರವ ಇದೆ. ನಾನು ಯೇಸುಸ್ವಾಮಿಯ ಪ್ರಸಾದ ತಗೊಂಡವಳು, ನನ್ನನ್ನು ಕ್ಷಮಿಸಿ" ಎಂದು ಹೇಳಿ. ಹೀಗೆ ಹೇಳಿದ್ದಕ್ಕೆ ಸ್ನೇಹ ಕೆಟ್ಟದ್ದನ್ನು ನಾನು ಕಂಡಿಲ್ಲ. ಕೆಟ್ಟದ್ದನ್ನು ಕಂಡಿರುವುದು ಹಿಂದಿನಿಂದ ಹೀಗಳೆದಾಗ.

ಪೌಲರು ಅಥೆನ್ಸಿನಲ್ಲಿ ಏನು ಮಾಡಿದರೆಂದು ನೋಡಿ (ಪ್ರೇಷಿತರ ಕಾರ್ಯಕಲಾಪಗಳು 17:16–34). ಊರ ತುಂಬ ವಿಗ್ರಹಗಳನ್ನು ಕಂಡು ಅವರ ಮನಸ್ಸು ಕುದಿಯಿತು. ಆದರೂ ಮಾತು ಆರಂಭಿಸಿದ್ದು ಅಲ್ಲಿಯ ಜನರ ಭಕ್ತಿಯನ್ನು ಗುರುತಿಸಿ; ಅವರ ಕವಿಗಳ ಮಾತನ್ನೂ ಎತ್ತಿದರು. ಮುಗಿಸಿದ್ದು ಮಾತ್ರ ಯೇಸುವಿನ ಪುನರುತ್ಥಾನದಿಂದ. ಕೆಲವರು ನಕ್ಕರು, ಕೆಲವರು ಮತ್ತೊಮ್ಮೆ ಕೇಳುವೆವೆಂದರು, ಕೆಲವರು ನಂಬಿದರು. ಪೌಲರು ಯಾರನ್ನೂ ಹೀಯಾಳಿಸಲಿಲ್ಲ, ಏನನ್ನೂ ಬಚ್ಚಿಡಲಿಲ್ಲ.

12ನೆಯ ಶತಮಾನದಲ್ಲಿ ಬಸವಣ್ಣನವರೂ ಶರಣರೂ ದುಡಿಮೆಯನ್ನು ಕಾಯಕವೆಂದು ಗೌರವಿಸಿದರು, ಹಂಚಿ ಉಣ್ಣುವುದನ್ನು ದಾಸೋಹವೆಂದರು, ಜಾತಿಯ ಮೇಲುಕೀಳನ್ನು ಪ್ರಶ್ನಿಸಿದರು. ಇದನ್ನು ಕೇಳಿ ಸಂತೋಷಪಡದ ಕ್ರೈಸ್ತನು ಗಲಾತ್ಯರಿಗೆ ಬರೆದ ಪತ್ರದ 3:28ನ್ನು ಓದಿರಲಾರನು. ಕ್ರಿಸ್ತರಲ್ಲಿ ಯೆಹೂದ್ಯ–ಗ್ರೀಕ, ದಾಸ–ಸ್ವತಂತ್ರ ಎಂಬ ಭೇದವಿಲ್ಲವೆಂದು ಅಲ್ಲಿದೆ. ಹಾಗಿದ್ದೂ ಮದುವೆಯ ಮಾತು ಬಂದೊಡನೆ ನಮ್ಮಲ್ಲೂ ಜಾತಿ ವಿಚಾರಿಸುತ್ತಾರೆ. ಲಿಂಗಾಯತ ನೆರೆಯವನು ಇದನ್ನು ಎತ್ತಿ ತೋರಿಸಿದರೆ ನಮ್ಮ ಬಳಿ ಯಾವ ವಚನ ಇದೆ? ಬದುಕಿ ತೋರಿಸದ ವಾಕ್ಯ ಬಾಯಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಎಲ್ಲವೂ ಒಂದೇ ಎಂದು ಹೇಳುವುದೂ ಸರಿಯಲ್ಲ. ಗೆಳೆತನಕ್ಕೆ ಅಂಥ ಸುಳ್ಳು ಬೇಕಿಲ್ಲ. ಪೊಂತಿಯುಸ್ ಪಿಲಾತನ ಕಾಲದಲ್ಲಿ ಒಂದು ನಿಜವಾದ ಊರಿನಲ್ಲಿ ಸತ್ತು ಎದ್ದ ಯೇಸುವಿನಲ್ಲಿ ದೇವರು ತಮ್ಮನ್ನೇ ಕೊಟ್ಟರೆಂಬುದು ನಮ್ಮ ವಿಶ್ವಾಸ. ಇದನ್ನು ಹೇಳಲು ನಾಚಬಾರದು.

ಹೇಗೆ ಹೇಳಬೇಕು?

ನಮ್ಮ ಧರ್ಮಕ್ಷೇತ್ರ 1949ರಲ್ಲಿ ಸ್ಥಾಪನೆಯಾಯಿತು. ಮೊದಲ ಇಬ್ಬರು ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್ ಮತ್ತು ಆಂಬ್ರೋಸ್ ಯೆದ್ದನಪಲ್ಲಿ ಇಬ್ಬರೂ ಫ್ರಾನ್ಸಿಸ್ಕನ್ ಸಭೆಯವರು. ಆದ್ದರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಮಾದರಿ ನಮಗೆ ಮನೆಯ ಮಾತೇ ಸರಿ. 1219ರಲ್ಲಿ, ಧರ್ಮಯುದ್ಧದ ನಡುವೆ, ಫ್ರಾನ್ಸಿಸರು ಆಯುಧವಿಲ್ಲದೆ ಈಜಿಪ್ಟಿನ ಸುಲ್ತಾನ ಅಲ್-ಕಾಮಿಲನ ಬಳಿಗೆ ಹೋದರು. ಸುಲ್ತಾನ ಕ್ರೈಸ್ತನಾಗಲಿಲ್ಲ, ಫ್ರಾನ್ಸಿಸರು ತಮ್ಮ ವಿಶ್ವಾಸ ಬಿಡಲಿಲ್ಲ. ಅವರು ಗೌರವದಿಂದ ಬೀಳ್ಕೊಂಡರು. 1221ರ ನಿಯಮಾವಳಿಯಲ್ಲಿ ಫ್ರಾನ್ಸಿಸರು ತಮ್ಮ ಸಹೋದರರಿಗೆ ಎರಡು ದಾರಿ ತೋರಿಸಿದರು. ಒಂದು, ಜಗಳ ವಾಗ್ವಾದಗಳಿಗೆ ಇಳಿಯದೆ, ದೇವರಿಗಾಗಿ ಎಲ್ಲರಿಗೂ ವಿಧೇಯರಾಗಿ ಬಾಳಿ, ನಾವು ಕ್ರೈಸ್ತರೆಂದು ಒಪ್ಪಿಕೊಳ್ಳುವುದು. ಇನ್ನೊಂದು, ದೇವರಿಗೆ ಮೆಚ್ಚುಗೆಯೆಂದು ಕಂಡಾಗ ವಾಕ್ಯವನ್ನು ಸಾರುವುದು.

ಇದರಲ್ಲಿ ಆಮಿಷಕ್ಕೆ ಜಾಗವಿಲ್ಲ. ಹಣದಿಂದ ದೇವರ ವರವನ್ನು ಕೊಳ್ಳಲು ಬಂದ ಸಿಮೋನನನ್ನು ಪೇತ್ರರು ಗದರಿಸಿದರು (ಪ್ರೇಷಿತರ ಕಾರ್ಯಕಲಾಪಗಳು 8:18–20). ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಬೋಧಿಸಿದೆ. ತಮ್ಮನ್ನು ಸೇರಿಸಿಕೊಳ್ಳದ ಸಮಾರಿಯದ ಊರಿನ ಮೇಲೆ ಬೆಂಕಿ ಸುರಿಸೋಣವೇ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಗದರಿಸಿದ್ದು ಶಿಷ್ಯರನ್ನು (ಲೂಕ 9:54–55). ಅದೇ ಸಮಾರಿಯದ ಒಬ್ಬ ಸ್ತ್ರೀಯೊಡನೆ ಅವರು ಮಾತು ಆರಂಭಿಸಿದ್ದು ಕುಡಿಯಲು ನೀರು ಕೇಳಿ (ಯೊವಾನ್ನ 4). ಯಾವ ಬೆಟ್ಟದಲ್ಲಿ ಆರಾಧಿಸಬೇಕೆಂಬ ಹಳೆಯ ಜಗಳವನ್ನು ಆಕೆಯೇ ಎತ್ತಿದಳು. ಯೇಸು ಸತ್ಯವನ್ನು ಮರೆಮಾಚಲಿಲ್ಲ, ಆಕೆಯನ್ನು ಕುಗ್ಗಿಸಲೂ ಇಲ್ಲ.

ಮನೆಯಲ್ಲಿ ಮಾಡುವುದೇನು?

ರಾತ್ರಿ ಊಟಕ್ಕೆ ಮೊದಲು ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಟ್ಟು ಹದಿನೈದು ನಿಮಿಷ ಕುಳಿತುಕೊಳ್ಳಿ. ಒಬ್ಬರು ಓದಲಿ, ಉಳಿದವರು ಕೇಳಲಿ. ಮೊದಲ ವಾರ ಪೇತ್ರರ ಮೊದಲನೆಯ ಪತ್ರವನ್ನು ದಿನಕ್ಕೊಂದು ಅಧ್ಯಾಯದಂತೆ ಓದಿದರೆ ಐದು ದಿನಗಳಲ್ಲಿ ಮುಗಿಯುತ್ತದೆ. ಆರನೆಯ ದಿನ ಯೊವಾನ್ನ 4, ಏಳನೆಯ ದಿನ ಪ್ರೇಷಿತರ ಕಾರ್ಯಕಲಾಪಗಳು 17. ಬೆರೋಯದ ಜನರು ಪೌಲರ ಬೋಧನೆ ನಿಜವೋ ಎಂದು ಪ್ರತಿದಿನ ಪವಿತ್ರ ಗ್ರಂಥವನ್ನು ಪರಿಶೀಲಿಸಿದ್ದನ್ನು ಆ ಅಧ್ಯಾಯ ಹೊಗಳುತ್ತದೆ (17:11). ಅರ್ಥವಾಗದ ಮಾತನ್ನು ಚೀಟಿಯಲ್ಲಿ ಬರೆದು ಭಾನುವಾರ ನಿಮ್ಮ ಗುರುಗಳಿಗೆ ಕೊಡಿ. ಅವರು ಬೈಕಿನ ಮೇಲೆ ಕುಳಿತಿದ್ದರೆ ಕೆಳಗಿಳಿಯಲು ಹೇಳಿ!

ಯಾರಾದರೂ ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ, "ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎನ್ನಿ. ಅದು ಸೋಲಲ್ಲ. ಆದರೆ ಮರೆಯದೆ ಕೇಳಿ, ಹೋಗಿ ಹೇಳಿ.

ಕುಟುಂಬದಲ್ಲಿ ಚರ್ಚಿಸಲು ಮೂರು ಪ್ರಶ್ನೆಗಳು: ನಮ್ಮ ವಿಶ್ವಾಸದ ಬಗ್ಗೆ ಇತ್ತೀಚೆಗೆ ನಮ್ಮನ್ನು ಯಾರು ಏನು ಕೇಳಿದರು? ನಾವು ಏನು ಹೇಳಿದೆವು? ನೆರೆಯವರ ದೇವರನ್ನೋ ಪ್ರಾರ್ಥನೆಯನ್ನೋ ನಮ್ಮ ಮನೆಯಲ್ಲಿ ಹಾಸ್ಯ ಮಾಡುತ್ತೇವೆಯೇ?

ಕೊನೆಗೆ ಆ ತಾಯಿಯ ಮಾತು. ತಡವಾಗಿಯಾದರೂ ನಾನು ಅವರ ಮನೆಗೆ 73 ಗ್ರಂಥಗಳ ಬೈಬಲ್ ತೆಗೆದುಕೊಂಡು ಹೋದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಮಕ್ಕಬಿಯರ ಗ್ರಂಥದ ಆ ಭಾಗವನ್ನು ಓದಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಅವತ್ತ ಇಷ್ಟ ಹೇಳಿದ್ರ ಸಾಕಿತ್ತಲ್ರಿ ಫಾದರ್" ಎಂದರು. ಆ ವರ್ಷದ ಪೂಜೆಗೆ ಅವರು ಬಂದರು. ಮಗ ಬರಲಿಲ್ಲ. ಅವನು ಈಗಲೂ ಆ ಪಂಗಡದ ಪ್ರಾರ್ಥನೆಗೇ ಹೋಗುತ್ತಾನೆ. ಆದರೆ ರಾತ್ರಿ ತಾಯಿ ಮಗ ಸೇರಿ ಲೂಕನ ಶುಭಸಂದೇಶವನ್ನು ಓದುತ್ತಾರಂತೆ. ಓದಲು ಬಾರದ ತಾಯಿಗೆ ಮಗನೇ ಓದಿ ಹೇಳುತ್ತಾನೆ. ಆ ಓದಿನ ಫಲವನ್ನು ನಾನು ದೇವರಿಗೆ ಬಿಟ್ಟಿದ್ದೇನೆ.

ಪ್ರಾರ್ಥಿಸೋಣ: ಪ್ರಭು ಯೇಸುವೇ, ನಿಮ್ಮ ವಾಕ್ಯವನ್ನು ನಮ್ಮ ಮನೆಗಳಲ್ಲಿ ತೆರೆಯಿರಿ. ಕೇಳುವವರ ಮುಂದೆ ನಮಗೆ ಧೈರ್ಯ ಕೊಡಿ, ಒಪ್ಪದವರ ಮುಂದೆ ತಾಳ್ಮೆ ಕೊಡಿ, ನಮ್ಮ ತಪ್ಪನ್ನು ತೋರಿಸುವವರ ಮುಂದೆ ವಿನಯ ಕೊಡಿ. ಆಮೆನ್.